ಬೇಸ್ ಇಲ್ಲದ ಆಲ್ಬಮ್ಮಿಗೆ ಇಪ್ಪತ್ತೆರಡು ಸಾವಿರ

ಹಳೇ ಆಲ್ಬಮ್ಮಿನ ಮೇಲೆ ‘ರೀಮಾಸ್ಟರ್ಡ್’ ಅಂತ ಒಂದು ಸ್ಟಿಕ್ಕರ್ ಅಂಟಿಸಿ ಮತ್ತೆ ಮಾರುಕಟ್ಟೆಗೆ ಬಿಟ್ಟರೆ ಸಾಕು, ನಮ್ಮಂಥವರು ಮತ್ತೆ ದುಡ್ಡು ಬಿಚ್ಚುತ್ತೇವೆ. ಅದೇ ಹಾಡುಗಳು ಕ್ಯಾಸೆಟ್ಟಿನಲ್ಲಿದ್ದವು, ಸಿಡಿಯಲ್ಲಿದ್ದವು, ಈಗ ಫೋನಿನಲ್ಲಿ ಬೆರಳು ಒತ್ತಿದರೆ ಬರುತ್ತವೆ. ಆದರೂ ಕೊಳ್ಳುತ್ತೇವೆ. ರೇಷ್ಮೆ ಸೀರೆಯ ಹುಚ್ಚಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಉಳಿದವರಿಗೆ ಎಷ್ಟು ಬಿಡಿಸಿ ಹೇಳಿದರೂ ಅಷ್ಟೇ.

ನನ್ನ ಹುಚ್ಚು ಮೆಟಾಲಿಕಾ. ಈ ಅಮೆರಿಕನ್ ಬ್ಯಾಂಡ್ 2016ರಿಂದ ತನ್ನ ಹಳೇ ಆಲ್ಬಮ್ಮುಗಳನ್ನು ಒಂದೊಂದಾಗಿ ರೀಮಾಸ್ಟರ್ ಮಾಡಿ, ದಪ್ಪ ದಪ್ಪ ಬಾಕ್ಸ್‌ಗಳಲ್ಲಿ ತುಂಬಿ ಮಾರುತ್ತಿದೆ. ಮೊದಲು ‘ಕಿಲ್ ಎಮ್ ಆಲ್’ ಮತ್ತು ‘ರೈಡ್ ದ ಲೈಟ್ನಿಂಗ್’. 2017ರಲ್ಲಿ ‘ಮಾಸ್ಟರ್ ಆಫ್ ಪಪೆಟ್ಸ್’, 2018ರಲ್ಲಿ ‘ಆ್ಯಂಡ್ ಜಸ್ಟಿಸ್ ಫಾರ್ ಆಲ್’, 2021ರಲ್ಲಿ ಎಲ್ಲರೂ ಬ್ಲ್ಯಾಕ್ ಆಲ್ಬಮ್ ಅನ್ನುವ ಅದು. ನಾನು ಕೊಂಡಿದ್ದು 2018ರ ಬಾಕ್ಸ್ ಒಂದೇ. 6 ಎಲ್‌ಪಿ, 11 ಸಿಡಿ, 4 ಡಿವಿಡಿ, 120 ಪುಟದ ಪುಸ್ತಕ. ಕೊರಿಯರ್, ಕಸ್ಟಮ್ಸ್ ಎಲ್ಲ ಸೇರಿ ಇಪ್ಪತ್ತೆರಡು ಸಾವಿರ ರೂಪಾಯಿ. ಆಗ ನನಗೆ ಇಪ್ಪತ್ಮೂರು ವರ್ಷ, ಮೊದಲ ಕೆಲಸ. ಎಲ್‌ಪಿ ಹಾಕೋ ಪ್ಲೇಯರ್ ನಮ್ಮ ಮನೆಯಲ್ಲಿ ಆಗಲೂ ಇರಲಿಲ್ಲ, ಈಗಲೂ ಇಲ್ಲ.

“ಒಂದೇ ಹಾಡನ್ನ ಎಷ್ಟ್ ಸಲ ತಗೋತೀಯೋ?” ಅಂತ ಅಮ್ಮ ಕೇಳಿದ್ದಳು. ನ್ಯಾಯವಾದ ಪ್ರಶ್ನೆ. ಅದಕ್ಕಿಂತ ದೊಡ್ಡ ತಮಾಷೆ ಏನಂದ್ರೆ, ಆ ಆಲ್ಬಮ್ಮಿನಲ್ಲಿ ಏನಿದೆ ಅನ್ನೋದಕ್ಕಿಂತ ಏನಿಲ್ಲ ಅನ್ನೋದಕ್ಕೇ ಅದು ಜಗತ್ಪ್ರಸಿದ್ಧ. ಅದರಲ್ಲಿ ಬೇಸ್ ಕೇಳಿಸೋದಿಲ್ಲ.

ಮೆಟಲ್ ಗೊತ್ತಿಲ್ಲದವರಿಗೆ ಒಂದು ಮಾತು. ಬೇಸ್ ಅಂದರೆ ನಾಲ್ಕು ದಪ್ಪ ತಂತಿಯ ಗಿಟಾರು. ಸಾಮಾನ್ಯ ಗಿಟಾರಿನ ಅತಿ ಕೆಳಗಿನ ತಂತಿ ಸೆಕೆಂಡಿಗೆ 82 ಸಲ ಕಂಪಿಸಿದರೆ ಬೇಸಿನದ್ದು 41 ಸಲ. ನಿಮ್ಮ ಫೋನಿನ ಪುಟ್ಟ ಸ್ಪೀಕರಿಗೆ ಅಷ್ಟು ಕೆಳಗಿನ ಸ್ವರ ಹೊರಡಿಸಲು ಆಗೋದೇ ಇಲ್ಲ. ಹಾಗಾಗಿ ನನ್ನ ಮಾತನ್ನು ಪರೀಕ್ಷೆ ಮಾಡೋದಾದರೆ ದಯವಿಟ್ಟು ಹೆಡ್‌ಫೋನ್ ಹಾಕಿಕೊಳ್ಳಿ. ಬೇಸ್ ಇದ್ದಾಗ ಅದು ಇದೆ ಅಂತ ಹೆಚ್ಚಿನವರಿಗೆ ಗೊತ್ತಾಗೋದಿಲ್ಲ. ಇಲ್ಲದಿದ್ದಾಗ ಮಾತ್ರ, ಹಾಡಿನ ತಳವೇ ಬಿದ್ದುಹೋದ ಹಾಗೆ ಅನಿಸುತ್ತೆ.

ಅದು ಹೇಗೆ ಕಾಣೆಯಾಯಿತು ಅನ್ನೋದರ ಹಿಂದೆ ಒಂದು ಸಾವಿದೆ. ಮೆಟಾಲಿಕಾದ ಬೇಸ್ ವಾದಕ ಕ್ಲಿಫ್ ಬರ್ಟನ್ 1986ರ ಸೆಪ್ಟೆಂಬರ್ 27ರ ಬೆಳಗಿನ ಜಾವ ಸ್ವೀಡನ್ನಿನಲ್ಲಿ ಬಸ್ ಮಗುಚಿ ತೀರಿಕೊಂಡ. ವಯಸ್ಸು 24. ಹಿಂದಿನ ರಾತ್ರಿ ಸ್ಟಾಕ್‌ಹೋಮ್‌ನಲ್ಲಿ ಶೋ ಕೊಟ್ಟಿದ್ದ. (2017ರ ‘ಮಾಸ್ಟರ್ ಆಫ್ ಪಪೆಟ್ಸ್’ ಬಾಕ್ಸಿನಲ್ಲಿ ಆ ರಾತ್ರಿಯ ರೆಕಾರ್ಡಿಂಗ್ ಇದೆ, ಅದೂ ಕ್ಯಾಸೆಟ್ಟಿನ ರೂಪದಲ್ಲಿ. ಬೇರೇನೂ ಬೇಡ, ಆ ಕ್ಯಾಸೆಟ್ಟಿಗಾಗಿಯೇ ಆ ಬಾಕ್ಸ್ ಕೊಂಡವರಿದ್ದಾರೆ ಅಂದರೆ ನಾನು ನಂಬುತ್ತೇನೆ.) ಕೆಲವೇ ವಾರಗಳಲ್ಲಿ ಜೇಸನ್ ನ್ಯೂಸ್ಟೆಡ್ ಅನ್ನೋ ಹುಡುಗ ಆ ಜಾಗಕ್ಕೆ ಬಂದ. ಉಳಿದವರು ದುಃಖವನ್ನೆಲ್ಲ ಅವನ ಮೇಲೆ ತೀರಿಸಿಕೊಂಡರು, ರ‍್ಯಾಗಿಂಗ್ ಅಂತೀವಲ್ಲ, ಹಾಗೆ. 1988ರಲ್ಲಿ ಅವನು ನುಡಿಸಿದ ಮೊದಲ ಪೂರ್ತಿ ಆಲ್ಬಮ್ ಬಂದಾಗ ಅವನ ಬೇಸೇ ಕೇಳಿಸಲಿಲ್ಲ.

ಮಿಕ್ಸ್ ಮಾಡಿದವರಲ್ಲಿ ಒಬ್ಬನಾದ ಸ್ಟೀವ್ ಥಾಂಪ್ಸನ್, ಡ್ರಮ್ಮರ್ ಲಾರ್ಸ್ ಉಲ್‌ರಿಕ್ ಹೇಳಿದ್ದಕ್ಕೇ ಬೇಸ್ ಇಳಿಸಿದ್ದು ಅಂತ ಆಮೇಲೆ ಬಹಿರಂಗವಾಗಿಯೇ ಹೇಳಿದ್ದಾನೆ. ಗಾಯಕ ಜೇಮ್ಸ್ ಹೆಟ್‌ಫೀಲ್ಡ್ ಕೊಟ್ಟ ಕಾರಣ ಬೇರೆ: ಶೋಗೂ ಸ್ಟುಡಿಯೋಗೂ ಓಡಾಡಿ ಕಿವಿ ಕೆಟ್ಟುಹೋಗಿತ್ತು, ಎತ್ತರದ ಸ್ವರ ಸರಿಯಾಗಿ ಕೇಳಿಸದೆ ಅದನ್ನೇ ಏರಿಸುತ್ತಾ ಹೋದೆವು ಅನ್ನೋ ಅರ್ಥದ ಮಾತು. ಎರಡೂ ನಿಜ ಇರಬಹುದು. ಜೊತೆಗೆ ಬೇಸ್ ಹೆಚ್ಚಿನ ಕಡೆ ಗಿಟಾರಿನ ಸ್ವರಗಳನ್ನೇ ನೆರಳಿನ ಹಾಗೆ ಹಿಂಬಾಲಿಸುತ್ತೆ. ಸದ್ದು ಇಳಿಸಿದರೆ ನೆರಳು ಗಿಟಾರಿನೊಳಗೇ ಕರಗಿಹೋಗುತ್ತೆ.

ಈ ಆಲ್ಬಮ್ ನನಗೆ ಬಂದಿದ್ದು ಅಣ್ಣನಿಂದ. ಒಡಹುಟ್ಟಿದವನಲ್ಲ, ದೊಡ್ಡಪ್ಪನ ಮಗ, ನನಗಿಂತ ಹನ್ನೊಂದು ವರ್ಷ ದೊಡ್ಡವನು. ದಾವಣಗೆರೆಯಲ್ಲಿ ಡಿಪ್ಲೊಮಾ ಓದುವಾಗ ಕಾಲೇಜಿನ ಬ್ಯಾಂಡ್‌ನಲ್ಲಿ ಬೇಸ್ ನುಡಿಸ್ತಿದ್ದ. ಬ್ಯಾಂಡ್ ಅಂದರೆ ಮೂರೇ ಜನ, ಆ್ಯಂಪ್ಲಿಫೈಯರ್ ಗಣಪತಿ ಪೆಂಡಾಲಿನವರಿಂದ ಬಾಡಿಗೆಗೆ. ಬೆಂಗಳೂರಿಗೆ ಹೋದಾಗಲೆಲ್ಲ ಒಂದೊಂದು ಕ್ಯಾಸೆಟ್ ತರ್ತಿದ್ದ. ದೊಡ್ಡಮ್ಮನ ಮನೆಯ ಅಟ್ಟದ ಕೆಳಗಿನ ಕೋಣೆಯಲ್ಲಿ ಟೇಪ್ ರೆಕಾರ್ಡರಿಗೆ ಕಿವಿ ಹಚ್ಚಿ ಅವನು ಬೇಸ್ ಹುಡುಕ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. “ಕೇಳಿಸ್ತೇನಲೇ ತಮ್ಮಾ?” ಅಂತಿದ್ದ. ನಾನು ಕೇಳಿಸ್ತು ಅಂತಿದ್ದೆ. ಎಂಟು ವರ್ಷದ ಹುಡುಗ ಇನ್ನೇನು ಅಂತಾನೆ?

2011ರ ಅಕ್ಟೋಬರ್ 30ರಂದು ಮೆಟಾಲಿಕಾ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂತು. ಅದಕ್ಕೆ ಎರಡು ದಿನ ಮೊದಲು ದೆಹಲಿ ಪಕ್ಕದ ಗುರುಗ್ರಾಮದಲ್ಲಿ ಶೋ ನಿಂತುಹೋಗಿ ಜನ ಗಲಾಟೆ ಮಾಡಿದ್ದರಿಂದ ಇಲ್ಲೂ ಆಗುತ್ತೋ ಇಲ್ಲವೋ ಅನ್ನೋ ಆತಂಕ. ಆಯಿತು. ನಾನು ಪಿಯುಸಿ, ಅಣ್ಣ ರಜೆ ಹಾಕಿ ಕರ್ಕೊಂಡು ಹೋದ. ವೇದಿಕೆ ಮೇಲೆ ಬೇಸ್ ಹಿಡಿದಿದ್ದವನು ರಾಬರ್ಟ್ ಟ್ರುಹಿಯೊ. ಅವನ ಒಂದೊಂದು ಸ್ವರವೂ ಎದೆಗೂಡಿಗೆ ಬಡೀತಿತ್ತು. ಅಣ್ಣ ಕಣ್ಣು ಮುಚ್ಚಿಕೊಂಡು, ಎಡಗೈ ಬೆರಳುಗಳನ್ನು ಗಾಳಿಯಲ್ಲಿ ಆಡಿಸ್ತಾ ನಿಂತಿದ್ದ.

ಇಷ್ಟು ಹಿನ್ನೆಲೆ ಇದ್ದಾಗ 2018ರಲ್ಲಿ ‘ಜಸ್ಟಿಸ್’ ರೀಮಾಸ್ಟರ್ ಬರುತ್ತೆ ಅಂದರೆ ಅಭಿಮಾನಿಗಳು ಏನು ಕೇಳುತ್ತಾರೆ ಹೇಳಿ. ಒಂದೇ ಪ್ರಶ್ನೆ: ಬೇಸ್ ಏರಿಸ್ತಾರಾ?

ಇಲ್ಲಿ ಸ್ವಲ್ಪ ನನ್ನ ವೃತ್ತಿಯ ಭಾಷೆ ಬೇಕು. ಹಾಡನ್ನು ರೆಕಾರ್ಡ್ ಮಾಡುವಾಗ ಡ್ರಮ್ಸ್, ಗಿಟಾರ್, ಬೇಸ್, ದನಿ ಎಲ್ಲ ಬೇರೆಬೇರೆ ಟ್ರ್ಯಾಕುಗಳಲ್ಲಿರುತ್ತವೆ. ಅದು ಸೋರ್ಸ್ ಕೋಡ್ ಅಂದುಕೊಳ್ಳಿ. ಅವನ್ನೆಲ್ಲ ಹದ ನೋಡಿ ಎಡ, ಬಲ ಎರಡೇ ಟ್ರ್ಯಾಕಿಗೆ ಇಳಿಸೋದು ಮಿಕ್ಸಿಂಗ್. ಆ ಎರಡು ಟ್ರ್ಯಾಕಿನ ಟೇಪಿಗೆ ಕೊನೇ ಪಾಲಿಶ್ ಕೊಟ್ಟು, ಎಲ್ಲ ಹಾಡುಗಳ ಸದ್ದನ್ನು ಒಂದು ಮಟ್ಟಕ್ಕೆ ತಂದು ಸಿಡಿಗೋ ಎಲ್‌ಪಿಗೋ ತಯಾರು ಮಾಡೋದು ಮಾಸ್ಟರಿಂಗ್. ರೀಮಾಸ್ಟರ್ ಮಾಡುವವರು ಮುಟ್ಟೋದು ಈ ಕೊನೇ ಹಂತವನ್ನು ಮಾತ್ರ. ಅಂದರೆ ಬಿಸಿಬೇಳೆಬಾತ್ ಆಗಲೇ ಬೆಂದು ಪಾತ್ರೆಯಲ್ಲಿದೆ. ಬಿಸಿ ಮಾಡಬಹುದು, ಮೇಲೆ ತುಪ್ಪ ಹಾಕಬಹುದು, ಒಳ್ಳೇ ತಟ್ಟೆಯಲ್ಲಿ ಬಡಿಸಬಹುದು. ಹುಣಸೆಹುಳಿ ಕಮ್ಮಿ ಮಾಡಿ ಅಂದರೆ ಆಗೋದಿಲ್ಲ. ಅದಕ್ಕೆ ಮೊದಲಿಂದ ಅಡುಗೆ ಮಾಡಬೇಕು, ಅಂದರೆ ರೀಮಿಕ್ಸ್.

ಮೊದಲಿಂದ ಅಡುಗೆ ಮಾಡಿದವರೂ ಇದ್ದಾರೆ. ಮೆಗಾಡೆತ್ ಬ್ಯಾಂಡಿನ ಡೇವ್ ಮಸ್ಟೇನ್ 2004ರಲ್ಲಿ ತನ್ನ ಹಳೇ ಆಲ್ಬಮ್ಮುಗಳನ್ನು ರೀಮಿಕ್ಸ್ ಮಾಡಿಯೇ ಬಿಟ್ಟ. 1990ರ ‘ರಸ್ಟ್ ಇನ್ ಪೀಸ್’ನ ಕೆಲವು ದನಿಯ ಟ್ರ್ಯಾಕುಗಳು ಸಿಗದೆ, ಹದಿನಾಲ್ಕು ವರ್ಷ ಹೆಚ್ಚು ವಯಸ್ಸಾದ ಗಂಟಲಿನಲ್ಲಿ ಮತ್ತೆ ಹಾಡಿ ಸೇರಿಸಿದ. ನಾನಂತೂ ಹಳೇದನ್ನೇ ಕೇಳೋದು. ಅಷ್ಟಕ್ಕೂ ಅದು ಅವನದೇ ಗಂಟಲು, ಅವನ ಹಕ್ಕು. ಓಝಿ ಆಸ್ಬರ್ನ್ ಕಡೆಯವರು ಮಾಡಿದ್ದು ಇನ್ನೂ ಒಂದು ಕೈ ಮೇಲೆ. 1980 ಮತ್ತು 81ರ ಎರಡು ಆಲ್ಬಮ್ಮುಗಳಲ್ಲಿ ನುಡಿಸಿದ್ದ ಬಾಬ್ ಡೇಸ್ಲಿ, ಲೀ ಕರ್ಸ್ಲೇಕ್ ಇಬ್ಬರೂ ರಾಯಲ್ಟಿ ಕೇಳಿ ಕೋರ್ಟಿಗೆ ಹೋಗಿದ್ದರು. 2002ರ ಮರುಬಿಡುಗಡೆಯಲ್ಲಿ ಅವರ ಬೇಸ್, ಡ್ರಮ್ಸ್ ಅಳಿಸಿ ಬೇರೆಯವರಿಂದ ನುಡಿಸಿ ಸೇರಿಸಿದರು. ಅಭಿಮಾನಿಗಳು ಬಿಡಲಿಲ್ಲ. 2011ರಲ್ಲಿ ಮೂಲ ವಾದನ ವಾಪಸ್ ಬಂತು. ಆ 2002ರ ಡಿಸ್ಕಿನಲ್ಲಿ ಹೊಸದಾಗಿ ಬೇಸ್ ನುಡಿಸಿದವನು ಯಾರು ಗೊತ್ತಾ? ನಾವು ಅರಮನೆ ಮೈದಾನದಲ್ಲಿ ನೋಡಿದ ಅದೇ ಟ್ರುಹಿಯೊ. ಮರುವರ್ಷ ಅವನು ಮೆಟಾಲಿಕಾ ಸೇರಿದ.

ಇನ್ನೊಂದು ಕಾಯಿಲೆ, ಸದ್ದಿನದ್ದು. ಸಿಡಿಯಲ್ಲಿ ಸದ್ದಿಗೆ ಒಂದು ಮೇಲ್ಛಾವಣಿ ಇರುತ್ತೆ, ಅದನ್ನು ದಾಟೋ ಹಾಗಿಲ್ಲ. ಪಕ್ಕದ ಹಾಡಿಗಿಂತ ಜೋರಾಗಿ ಕೇಳಿಸಬೇಕು ಅಂದರೆ ಮೆಲ್ಲಗಿನ ಭಾಗಗಳನ್ನೆಲ್ಲ ಎತ್ತಿ ಛಾವಣಿಗೆ ಒತ್ತಬೇಕು. ಸೀರಿಯಲ್ ನಡುವೆ ಬರೋ ಜಾಹೀರಾತು ಕಿರುಚುತ್ತಲ್ಲ, ಅದೇ ಉಪಾಯ. ಮೆಟಾಲಿಕಾದ 2008ರ ‘ಡೆತ್ ಮ್ಯಾಗ್ನೆಟಿಕ್’ ಇದಕ್ಕೆ ಕುಖ್ಯಾತ. ಆ ಫೈಲನ್ನು ಆಡಾಸಿಟಿಯಲ್ಲಿ ತೆರೆದು ನೋಡಿ, ಅಲೆಗಳೇ ಇಲ್ಲ, ಇಟ್ಟಿಗೆ ಜೋಡಿಸಿದ ಹಾಗಿದೆ. ಅದೇ ಹಾಡುಗಳು ‘ಗಿಟಾರ್ ಹೀರೋ’ ವಿಡಿಯೋ ಗೇಮಿನಲ್ಲಿ ಇಷ್ಟು ಒತ್ತದೆ ಬಂದಿದ್ದವು. ಆಟದಲ್ಲಿ ಚೆನ್ನಾಗಿದೆ, ದುಡ್ಡು ಕೊಟ್ಟ ಸಿಡಿಯಲ್ಲಿ ಇಲ್ಲ ಅಂತ ಜನ ರೊಚ್ಚಿಗೆದ್ದರು. ಮತ್ತೆ ಮಿಕ್ಸ್ ಮಾಡಿ ಕೊಡಿ ಅನ್ನೋ ಮನವಿಗೆ ಹತ್ತು ಸಾವಿರಕ್ಕೂ ಹೆಚ್ಚು ಸಹಿ ಬಿದ್ದವು. ಹಾಗಾಗಿ ರೀಮಾಸ್ಟರ್ಡ್ ಅಂದ ತಕ್ಷಣ ಚೆನ್ನಾಗಾಗಿದೆ ಅಂದುಕೊಳ್ಳಬೇಡಿ. ಎಷ್ಟೋ ಸಲ ಬರೀ ಜೋರಾಗಿರುತ್ತೆ.

2018ರಲ್ಲಿ ಬೇಸ್ ಏರಿಸಲಿಲ್ಲ. ಚರಿತ್ರೆಯನ್ನು ಯಾಕೆ ತಿದ್ದಬೇಕು ಅನ್ನೋದು ಹೆಟ್‌ಫೀಲ್ಡ್ ನಿಲುವು. ಸಂಗ್ರಾಹಕರ ಪೈಕಿ ಅರ್ಧ ಜನ ಬೈದರು. ನಾನು ಬೈಯಲಿಲ್ಲ. ಜೇಸನ್‌ಗೆ ಆದ ಅನ್ಯಾಯ ಆ ರೆಕಾರ್ಡಿನ ಒಳಗೇ ಮುದ್ರೆ ಬಿದ್ದಿದೆ. ಮೂವತ್ತು ವರ್ಷ ಆದಮೇಲೆ ಬೇಸ್ ಏರಿಸಿ ಎಲ್ಲ ಸರಿ ಇತ್ತು ಅನ್ನೋ ಹಾಗೆ ಮಾರಿದ್ದರೆ ಅದು ಇನ್ನೊಂದು ಅನ್ಯಾಯ ಆಗ್ತಿತ್ತು. ಬಾಕ್ಸಿನಲ್ಲಿ ಡೆಮೊಗಳಿವೆ, ಮುಗಿಯದ ಮಿಕ್ಸುಗಳಿವೆ, ಲೈವ್ ಡಿಸ್ಕುಗಳಿವೆ. ಲೈವ್‌ನಲ್ಲಿ ಜೇಸನ್ ಚೆನ್ನಾಗಿಯೇ ಕೇಳಿಸ್ತಾನೆ. ಎಲ್ಲ ಸಾಕ್ಷಿ ಮುಂದಿಟ್ಟು, ತೀರ್ಪು ನೀವೇ ಕೊಡಿ ಅಂದ ಹಾಗೆ. ಇಪ್ಪತ್ತೆರಡು ಸಾವಿರ ಕೊಟ್ಟವನ ಸಮಾಧಾನ ಇದು ಅಂತ ನೀವು ನಗಬಹುದು, ನಗಿ.

ಆ ಬಾಕ್ಸನ್ನು ಅಣ್ಣನಿಗೆ ಕೇಳಿಸಬೇಕು ಅಂತಲೇ ತರಿಸಿದ್ದು. ಆದರೆ ಅಷ್ಟು ಹೊತ್ತಿಗೆ ಅಣ್ಣನಿಗೆ ಕೇಳಿಸೋದು ಕಮ್ಮಿಯಾಗ್ತಾ ಬಂದಿತ್ತು.

ಅವನು ಹದಿಮೂರು ವರ್ಷ ಒಂದು ಕಾರ್ಖಾನೆಯ ಕಂಪ್ರೆಸರ್ ವಿಭಾಗದಲ್ಲಿದ್ದ. ಕಿವಿಗೆ ಹಾಕೋ ಪ್ಲಗ್ ಕೊಡ್ತಿದ್ದದ್ದು ಇನ್‌ಸ್ಪೆಕ್ಷನ್ ಇರೋ ದಿನ ಮಾತ್ರ. 85 ಡೆಸಿಬೆಲ್ ದಾಟಿದ ಶಬ್ದದಲ್ಲಿ ದಿನಕ್ಕೆ ಎಂಟು ಗಂಟೆಯಂತೆ ವರ್ಷಗಟ್ಟಲೆ ನಿಂತರೆ ಒಳಕಿವಿಯ ಸೂಕ್ಷ್ಮ ರೋಮಕೋಶಗಳು ಸಾಯುತ್ತವೆ. ಮನುಷ್ಯರಲ್ಲಿ ಅವು ಮತ್ತೆ ಹುಟ್ಟೋದಿಲ್ಲ. ಪರೀಕ್ಷೆ ಮಾಡಿಸಿದಾಗ ಬಂದ ಚೀಟಿಯಲ್ಲಿ ಗ್ರಾಫಿನ ಗೆರೆ ಸಪಾಟಾಗಿ ಬಂದು, 4000 ಹರ್ಟ್ಸ್ ಹತ್ತಿರ ಹಳ್ಳಕ್ಕೆ ಬಿದ್ದಿತ್ತು. ಶಬ್ದದಿಂದ ಕೆಟ್ಟ ಕಿವಿಯ ಗುರುತೇ ಅದಂತೆ. ದೊಡ್ಡಮ್ಮ ಮಾತ್ರ ಒಪ್ಪಲಿಲ್ಲ: “ಆ ಕಿರುಚಾಟ ಕೇಳೀ ಕೇಳೀ ಹಿಂಗಾತು. ನಾ ಅವತ್ತೇ ಹೇಳಿದ್ದೆ.” ಅಣ್ಣ ಕಾರ್ಖಾನೆ ಅಂದ. ಯಾವುದು ಎಷ್ಟು ಪಾಲು ಅಂತ ಆ ಗೆರೆ ಬೇರ್ಪಡಿಸಿ ಹೇಳಲ್ಲ ಅಂದರು ಡಾಕ್ಟರು. ಕಾರ್ಖಾನೆಯವರು ಒಂದು ರೂಪಾಯಿನೂ ಕೊಡಲಿಲ್ಲ.

ಮೇಲಿನ ಸ್ವರ ಹೋಯಿತು ಅಂದರೆ ಏನು ಹೋಯಿತು ಅಂತ ನನಗೆ ಮೊದಲು ಅಂದಾಜಿರಲಿಲ್ಲ. ಡ್ರಮ್ಸಿನ ಸಿಂಬಲ್ ಹೋಯಿತು, ಗಿಟಾರಿನ ಹರಿತ ಹೋಯಿತು, ಅದು ಬಿಡಿ. ಸ, ಶ, ತ ಇಂಥ ಅಕ್ಷರಗಳು ಇರೋದು ಆ ಮೇಲಿನ ಭಾಗದಲ್ಲಿ. ಆರು ವರ್ಷದ ಮಗಳು ಸ್ಕೂಲಿಂದ ಬಂದು ಪಟಪಟ ಅಂತ ಕಥೆ ಹೇಳಿದರೆ ಅವನಿಗೆ ರಾಗ ಕೇಳಿಸುತ್ತೆ, ಮಾತು ಕೇಳಿಸಲ್ಲ. “ಏನಂದೆ ಪುಟ್ಟೀ?” ಅಂತ ಎರಡು ಸಲ ಕೇಳ್ತಾನೆ. ಮೂರನೇ ಸಲ ಕೇಳಲ್ಲ, ನಕ್ಕುಬಿಡ್ತಾನೆ. ಆ ಮಗು ಈಗ ಅಪ್ಪನ ಮುಖವನ್ನ ಎರಡೂ ಕೈಯಲ್ಲಿ ಹಿಡಿದು ತನ್ನ ಕಡೆ ತಿರುಗಿಸಿಕೊಂಡೇ ಮಾತಾಡುತ್ತೆ. ಕಿವಿಯ ಮಿಷನ್ ತಗೊಂಡ, ಹಾಕಿಕೊಳ್ಳೋಕೆ ಒಂದು ವರ್ಷ ಬೇಕಾಯ್ತು.

ಕೆಳಗಿನ ಸ್ವರ ಮಾತ್ರ ಅವನಿಗೆ ಇನ್ನೂ ಪೂರ್ತಿ ಇದೆ. ಗ್ರಾಫಿನ ಎಡಭಾಗ ನನ್ನದರಷ್ಟೇ ಚೆನ್ನಾಗಿದೆ. ಅಂದರೆ ಈಗ ಅವನಿಗೆ ಎಲ್ಲಕ್ಕಿಂತ ಚೆನ್ನಾಗಿ ಕೇಳಿಸೋದು ಬೇಸ್. ಅವನ ಪ್ರೀತಿಯ ಆಲ್ಬಮ್ಮಿನಲ್ಲಿ ಇಲ್ಲದ್ದೂ ಅದೇ.

ನಾನು ಸಾಫ್ಟ್‌ವೇರ್‌ನವನು, ಸುಮ್ಮನಿರೋ ಜಾತಿ ಅಲ್ಲ. ಬೇಸ್ ಏರಿಸೋ ಕೆಲಸ ಅಭಿಮಾನಿಗಳು ಎಂದೋ ಶುರು ಮಾಡಿದ್ದರು. ವಿಡಿಯೋ ಗೇಮುಗಳಲ್ಲಿ ಒಂದೊಂದು ವಾದ್ಯಕ್ಕೆ ಒಂದೊಂದು ಟ್ರ್ಯಾಕ್ ಇರುತ್ತಲ್ಲ, ಅಲ್ಲಿಂದ ಬೇಸ್ ತೆಗೆದು ‘ಆ್ಯಂಡ್ ಜಸ್ಟಿಸ್ ಫಾರ್ ಜೇಸನ್’ ಅಂತ ಹೆಸರಿಟ್ಟು ಹಂಚಿಕೊಂಡಿದ್ದರು. ಈಗ ಅದಕ್ಕೂ ಸುಲಭ ದಾರಿ ಇದೆ. ಸ್ಪ್ಲೀಟರ್, ಡೀಮಕ್ಸ್ ಅಂತ ಎಐ ಪ್ರೋಗ್ರಾಮುಗಳು, ಬಿಟ್ಟಿ ಸಿಗುತ್ತವೆ. ಮುಗಿದ ಹಾಡನ್ನೇ ಕೊಟ್ಟರೆ ದನಿ, ಡ್ರಮ್ಸ್, ಬೇಸ್ ಅಂತ ಬಿಡಿಸಿಕೊಡುತ್ತವೆ. ಬಿಸಿಬೇಳೆಬಾತಿನಿಂದ ಬೇಳೆ ಹೆಕ್ಕೋ ಕೆಲಸ. ಒಂದು ವೀಕೆಂಡ್ ಪೂರ್ತಿ ಕೂತು ಒಂಬತ್ತೂ ಹಾಡು ಬಿಡಿಸಿದೆ, ಬೇಸ್ ಏರಿಸಿ ಮತ್ತೆ ಸೇರಿಸಿದೆ.

ಹೋದ ಯುಗಾದಿಗೆ ದಾವಣಗೆರೆಗೆ ಹೋದಾಗ ಲ್ಯಾಪ್‌ಟಾಪ್, ದೊಡ್ಡ ಸ್ಪೀಕರ್ ಎರಡೂ ಹೊತ್ತುಕೊಂಡು ಹೋದೆ. ಹೋಳಿಗೆ ಊಟ ಆದಮೇಲೆ ಮಹಡಿಯ ಕೋಣೆಯಲ್ಲಿ ಮೊದಲು 2018ರ ರೀಮಾಸ್ಟರ್ ಹಾಕಿದೆ, ಆಮೇಲೆ ನನ್ನದು. ಅಣ್ಣ ಸ್ಪೀಕರಿನ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದ. ಎರಡನೇ ಹಾಡು ಅರ್ಧ ಆಗುವಾಗ ಕೈ ತೆಗೆದ.

“ಇದ್ರಾಗೆ ಜೇಸನ್ ಇಲ್ಲಲೇ. ಯಾರೋ ನೆಗಡಿ ಆದವ್ರು ಗುನುಗಿದಂಗೈತಿ.”

ಸರಿಯಾಗೇ ಹೇಳಿದ. ಗಿಟಾರೂ ಬೇಸೂ ಒಂದೇ ಸ್ವರ ಹಿಡಿದು ಓಡೋ ಕಡೆ ಪ್ರೋಗ್ರಾಮಿಗೂ ಯಾವುದು ಯಾರದ್ದು ಅಂತ ತಿಳಿದಿರಲಿಲ್ಲ, ಗಿಟಾರಿನ ಕೆಸರನ್ನೆಲ್ಲ ಬೇಸ್ ಅಂತ ತಂದು ಸುರಿದಿತ್ತು.

ಹಾಗಾದ್ರೆ ಮೂಲದಲ್ಲಿ ಬೇಸೇ ಇಲ್ವಲ್ಲಣ್ಣ, ಅದನ್ನ ಹೆಂಗ್ ಕೇಳ್ತೀಯ ಅಂದೆ.

“ಕೇಳೋಕೆ ಯಾರ್ ಹೇಳಿದ್ರು? ಅದ್ರಾಗೆ ಬೇಸ್ ಇಲ್ಲ ಅಂತಾನೇ ನಾನು ಕಲ್ತಿದ್ದು. ಬ್ಯಾರೇ ಕ್ಯಾಸೆಟ್ ಹಾಕಿದ್ರೆ ನಂದು ಯಾವ್ದು ಅವ್ರದ್ದು ಯಾವ್ದು ಗೊತ್ತಾಗ್ತಿರ್ಲಿಲ್ಲ. ಇದ್ರಾಗೆ ಹಂಗಿಲ್ಲ, ಜಾಗ ಖಾಲಿ ಐತಿ. ನಾನು ತಪ್ಪಿದ್ರೆ ನಂಗೇ ಕೇಳಿಸ್ತಿತ್ತು.”

ಅಟ್ಟದ ಕೆಳಗಿನ ಕೋಣೆಯಲ್ಲಿ ಅವನು ಟೇಪಿಗೆ ಕಿವಿ ಹಚ್ಚಿ ಹುಡುಕ್ತಿದ್ದದ್ದು ಏನು ಅಂತ ನನಗೆ ಅವತ್ತೇ ಗೊತ್ತಾಗಿದ್ದು. ಅವನು ಜೇಸನ್ನನ್ನ ಹುಡುಕ್ತಿರಲಿಲ್ಲ. ತನ್ನದು ಸರಿಯಾಗಿ ಕೂತಿದೆಯಾ ಅಂತ ನೋಡ್ಕೊಳ್ತಿದ್ದ. ಹೊರಗಿನಿಂದ ಎಷ್ಟು ಏರಿಸಿದರೂ ಆ ಜಾಗ ತುಂಬೋದಿಲ್ಲ, ಅಲ್ಲಿ ಅವನು ಹದಿನೆಂಟರಿಂದಲೇ ಕೂತಿದ್ದಾನೆ. ದೊಡ್ಡಪ್ಪನ ಆಪರೇಷನ್ನಿಗೆ ದುಡ್ಡು ಸಾಲದೆ 2012ರಲ್ಲಿ ಬೇಸ್ ಮಾರಿದ್ದ. ಆಮೇಲೆ ಅದರ ಮಾತು ನಾವ್ಯಾರೂ ಎತ್ತಿರಲಿಲ್ಲ, ಅವನೂ ಎತ್ತಿರಲಿಲ್ಲ.

ಬೆಂಗಳೂರಿಗೆ ವಾಪಸ್ ಬಂದವನೇ ಸೆಕೆಂಡ್ ಹ್ಯಾಂಡ್ ಬೇಸ್ ಹುಡುಕಿದೆ. ಬನಶಂಕರಿಯ ಒಬ್ಬ ಹುಡುಗ ವಿದೇಶಕ್ಕೆ ಹೊರಟಿದ್ದ, ಒಂಬತ್ತು ಸಾವಿರಕ್ಕೆ ಕೊಟ್ಟ. ಹೊಸ ತಂತಿ ಹಾಕಿಸಿ ಬಸ್ಸಿನಲ್ಲಿ ಕಳಿಸಿದೆ. ಬೇಸಿನ ಮರ ಎದೆಗೆ ಒತ್ತಿಕೊಂಡಿರುತ್ತಲ್ಲ, ಮಿಷನ್ ತೆಗೆದಿಟ್ಟರೂ ಸ್ವರ ಮೈಗೇ ಗೊತ್ತಾಗುತ್ತಂತೆ. ಬೆರಳು ಮೊದಲಿನಷ್ಟು ಓಡಲ್ಲ. ಆಲ್ಬಮ್ಮಿನಲ್ಲಿ ‘ಟು ಲಿವ್ ಈಸ್ ಟು ಡೈ’ ಅಂತ ಒಂಬತ್ತು ನಿಮಿಷ ದಾಟೋ ಒಂದು ರಚನೆ ಇದೆ, ಕ್ಲಿಫ್ ಬರ್ಟನ್ ಬಿಟ್ಟುಹೋದ ತುಣುಕುಗಳಿಂದ ಕಟ್ಟಿದ್ದು. ಅದನ್ನೇ ಹಿಡಿದಿದ್ದಾನೆ, ನಿಧಾನದ್ದು ಅಂತ. ಮಗಳು ಮಂಚದ ಮೇಲೆ ಕೂತು ಬೇಸಿನ ಮೈಗೆ ಕೆನ್ನೆ ಹಚ್ಚಿಕೊಂಡು ಕೇಳುತ್ತಾಳೆ ಅಂತ ಅತ್ತಿಗೆ ಫೋಟೊ ಕಳಿಸಿದ್ದರು. ಕೆಳಗಿನ ಮನೆಯವರು ಬಂದು, ಗೋಡೆ ಗುಂಯ್ ಅನ್ನುತ್ತೆ, ಏನ್ರೀ ಅದು ಅಂತ ಕೇಳಿಹೋಗಿದ್ದೂ ಆಯಿತಂತೆ.

2025ರ ಜೂನ್‌ನಲ್ಲಿ ಮೆಟಾಲಿಕಾ ‘ಲೋಡ್’ ಆಲ್ಬಮ್ಮನ್ನೂ ರೀಮಾಸ್ಟರ್ ಮಾಡಿ ಬಿಟ್ಟಿತು. ಅಷ್ಟೇ ದಪ್ಪ ಬಾಕ್ಸು. 1996ರ ಆಲ್ಬಮ್ ಅದು, ಜೇಸನ್ ಬೇಸ್ ಸ್ಪಷ್ಟವಾಗಿ, ದುಂಡಗೆ ಕೇಳಿಸುತ್ತೆ. ತರಿಸ್ಲಾ ಅಂತ ಅಣ್ಣನಿಗೆ ಮೆಸೇಜ್ ಹಾಕಿದೆ.

“ಬ್ಯಾಡ ಬಿಡು,” ಅಂತ ಬಂತು. “ಅದ್ರಾಗೆ ನಂಗೇನ್ ಕೆಲ್ಸ?”